ಎದುರುಮಾತಿಲ್ಲದ ಏಳು ನಿಮಿಷ

ಭಾಷಣ ಸ್ಪರ್ಧೆಯಲ್ಲಿ ಒಬ್ಬರ ಮಾತು ಮುಗಿದು ಚಪ್ಪಾಳೆ ನಿಂತ ಕೂಡಲೇ ನಿರೂಪಕರು ‘ಈಗ ಒಂದು ನಿಮಿಷ ಮೌನ’ ಎನ್ನುತ್ತಾರೆ. ಮೊದಲ ಸಲ ಬಂದವರಿಗೆ ಯಾರೋ ತೀರಿಕೊಂಡಿರಬೇಕು ಅನ್ನಿಸುತ್ತದೆ. ಹಾಗೇನಿಲ್ಲ. ಗುರುತು ಹೇಳಿಕೊಳ್ಳದೆ ಸಭೆಯ ನಡುವೆ ಅಲ್ಲಲ್ಲಿ ಕೂತಿರುವ ತೀರ್ಪುಗಾರರು ಆ ಒಂದು ನಿಮಿಷದಲ್ಲಿ ಅಂಕ ಹಾಕಬೇಕು, ಅದಕ್ಕಾಗಿ ಈ ಮೌನ. ಈಗಷ್ಟೇ ತನ್ನ ಅಜ್ಜಿಯ ಸಾವನ್ನೋ, ಕೆಲಸ ಕಳೆದುಕೊಂಡ ದಿನವನ್ನೋ ಎಲ್ಲರ ಮುಂದೆ ಹೇಳಿಕೊಂಡವನು ಕುರ್ಚಿಗೆ ಮರಳಿ ನೀರು ಕುಡಿಯುತ್ತಾನೆ. ಪಕ್ಕದಲ್ಲಿ ಕೂತವರೂ ಅವನೊಡನೆ ಮಾತಾಡುವಂತಿಲ್ಲ. ಸಮಯ ನೋಡುವವರು ಕೈ ಎತ್ತುತ್ತಾರೆ. ಮುಂದಿನವರ ಹೆಸರು ಕರೆಯುತ್ತಾರೆ.

ಅಹಮದಾಬಾದ್, ವಡೋದರ, ಸೂರತ್ ಈ ಮೂರೂ ಊರುಗಳಲ್ಲಿ ಆ ಮೌನದೊಳಗೆ ನಾನು ಕೂತಿದ್ದೇನೆ. ಮೊದಲು ಸ್ಪರ್ಧಿಯಾಗಿ, ಆಮೇಲೆ ತೀರ್ಪುಗಾರನಾಗಿ. ಟೋಸ್ಟ್‌ಮಾಸ್ಟರ್ಸ್ ಮಾದರಿಯ ಭಾಷಣ ಸ್ಪರ್ಧೆಗಳ ಬಗ್ಗೆ ನನಗಿರುವ ತಕರಾರೆಲ್ಲ ಆ ಒಂದು ನಿಮಿಷದಲ್ಲೇ ಅಡಗಿದೆ. ಈ ಪತ್ರಿಕೆ ಓದುವ ನಿಮ್ಮಲ್ಲಿ ಹಲವರು ಪುಣೆಯಲ್ಲೋ ಗುರ್‌ಗಾಂವಿನಲ್ಲೋ ಇಂಥದೇ ಒಂದು ಕ್ಲಬ್ಬಿನ ಸದಸ್ಯರಾಗಿರುತ್ತೀರಿ. ಆದ್ದರಿಂದ ಕ್ಲಬ್ಬನ್ನು ಬೈಯುವ ಮೊದಲು ಅದರ ಋಣ ಹೇಳಿಬಿಡುತ್ತೇನೆ.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ವಿಟ್ಲದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ. ಎಂ.ಟೆಕ್. ಮುಗಿಸಿ, ಎರಡು ಕಂಪನಿ ಬದಲಿಸಿ ಅಹಮದಾಬಾದಿಗೆ ಬಂದು ಪ್ರಾಜೆಕ್ಟ್ ಮ್ಯಾನೇಜರ್ ಎನ್ನಿಸಿಕೊಂಡಾಗಲೂ ಗ್ರಾಹಕರ ಕರೆಯಲ್ಲಿ ನನ್ನ ಗಂಟಲು ಕಟ್ಟುತ್ತಿತ್ತು. ಲೆಕ್ಕ ಗೊತ್ತು, ತಪ್ಪು ಎಲ್ಲಿದೆ ಎಂದೂ ಗೊತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. 2013ರಲ್ಲಿ ಸಹೋದ್ಯೋಗಿಯೊಬ್ಬ ಭಾನುವಾರ ಬೆಳಗ್ಗೆ ಕ್ಲಬ್ಬಿಗೆ ಎಳೆದೊಯ್ದ. ಅಲ್ಲಿ ‘ಆ-ಕೌಂಟರ್’ ಎಂಬ ಹುದ್ದೆಯ ಒಬ್ಬಾಕೆ ನಾನು ಮೊದಲ ಭಾಷಣದಲ್ಲಿ ಎಷ್ಟು ಸಲ ‘ಆ…’, ‘ಅಂ…’ ಎಂದೆ ಎಂದು ಎಣಿಸಿ ಎಲ್ಲರೆದುರು ಓದಿದಳು. ಇಪ್ಪತ್ತಮೂರು. ನನಗೆ ಅವಮಾನ ಆಗಲಿಲ್ಲ. ಯಾಕೆಂದರೆ ಅವಳ ನಂತರ ಎದ್ದುನಿಂತ ಇನ್ನೊಬ್ಬರು, ವಯಸ್ಸಾದ ಒಬ್ಬ ಔಷಧ ವ್ಯಾಪಾರಿ, ಮೂರು ನಿಮಿಷ ನನ್ನ ಭಾಷಣದ ಬಗ್ಗೆಯೇ ಮಾತಾಡಿದರು. ಎಲ್ಲಿ ಮನಸ್ಸು ಮುಟ್ಟಿತು, ಎಲ್ಲಿ ನಾನು ಕೇಳುವವರನ್ನು ಬಿಟ್ಟು ಗೋಡೆಯೊಡನೆ ಮಾತಾಡಿದೆ ಎಂದು ಹೇಳಿದರು. ನನ್ನ ಮಾತನ್ನು ಇಡಿಯಾಗಿ ಕೇಳಿ ಉತ್ತರ ಕೊಟ್ಟ ಮೊದಲ ಅಪರಿಚಿತರು ಅವರು.

1924ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾದ ವೈ.ಎಂ.ಸಿ.ಎ.ಯಲ್ಲಿ ರಾಲ್ಫ್ ಸ್ಮೆಡ್ಲಿ ಎಂಬಾತ ಈ ಕ್ಲಬ್ಬನ್ನು ಆರಂಭಿಸಿದಾಗಲೂ ತಿರುಳು ಇದೇ ಆಗಿತ್ತು: ನೀನು ಮಾತಾಡು, ನಾನು ಕೇಳಿ ಹೇಳುತ್ತೇನೆ, ಮುಂದಿನ ವಾರ ನಾನು ಮಾತಾಡುತ್ತೇನೆ, ನೀನು ಹೇಳು. ಕೂಲಿಗೆ ಮೇಷ್ಟರಿಲ್ಲದ, ಕೇಳುಗರೇ ಮೇಷ್ಟರಾಗುವ ಶಾಲೆ. ನಮ್ಮಂಥ ಪರಊರಿನವರಿಗೆ ಇದು ಭಾಷಣದ ತರಬೇತಿಗಿಂತ ದೊಡ್ಡದು. ಬಾಡಿಗೆಮನೆಯ ಬಾಗಿಲು ಹಾಕಿಕೊಂಡರೆ ಸೋಮವಾರದವರೆಗೆ ಯಾರೂ ಮಾತಾಡಿಸದ ಊರಿನಲ್ಲಿ ಮೂರು ನಿಮಿಷದ ಉತ್ತರ ಕಡಿಮೆಯೇನಲ್ಲ.

ಸ್ಪರ್ಧೆಯ ದಿನ ತೆಗೆದುಹಾಕುವುದು ಇದೇ ಮೂರು ನಿಮಿಷವನ್ನು. ಸಾಮಾನ್ಯ ಸಭೆಯಲ್ಲಿ ಪ್ರತಿಯೊಂದು ಭಾಷಣಕ್ಕೂ ಒಂದು ವಿಮರ್ಶೆ ಇರುತ್ತದೆ, ಸ್ಪರ್ಧೆಯಲ್ಲಿ ಅಂಕ ಮಾತ್ರ. ಆ ಅಂಕವೂ ನಮಗೆ ತಿಳಿಯುವುದಿಲ್ಲ. ಮತಪತ್ರಗಳನ್ನು ಎಣಿಸಿ ಸ್ಥಾನ ಘೋಷಿಸಿದ ಮೇಲೆ ಹಾಳೆಗಳನ್ನು ನಾಶ ಮಾಡುತ್ತಾರೆ. ಎಣಿಕೆ ನಡೆಯುವ ಹೊತ್ತಿಗೆ ಸ್ಪರ್ಧಿಗಳನ್ನು ಸಾಲಾಗಿ ನಿಲ್ಲಿಸಿ ಒಂದು ಪುಟ್ಟ ಸಂದರ್ಶನ ಮಾಡುವ ವಾಡಿಕೆ ಇದೆ. ‘ನಿಮ್ಮ ಹವ್ಯಾಸಗಳೇನು? ಕ್ಲಬ್ಬಿಗೆ ಯಾವಾಗ ಸೇರಿದಿರಿ?’ ಅವರು ಈಗಷ್ಟೇ ಹೇಳಿದ ಮಾತಿನ ಬಗ್ಗೆ ಒಂದು ಪ್ರಶ್ನೆಯೂ ಬರುವುದಿಲ್ಲ. ‘ವಿಮರ್ಶೆಯದೇ ಒಂದು ಸ್ಪರ್ಧೆ ಇದೆಯಲ್ಲ’ ಎಂದು ನೀವು ಹೇಳಬಹುದು. ಇದೆ. ಒಬ್ಬ ಅತಿಥಿ ಭಾಷಣ ಮಾಡುತ್ತಾನೆ, ನಾಲ್ಕೈದು ಸ್ಪರ್ಧಿಗಳು ಒಬ್ಬೊಬ್ಬರಾಗಿ ಒಳಗೆ ಬಂದು ಅದನ್ನೇ ವಿಮರ್ಶೆ ಮಾಡುತ್ತಾರೆ. ಅತಿಥಿ ಎದುರಿಗೇ ಇರುತ್ತಾನೆ, ಆದರೆ ಅವರು ಗೆಲ್ಲಬೇಕಾದ್ದು ಅಂಕ ಹಾಕುವವರನ್ನು.

ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಇದು ಗ್ರಾಹಕರಿಗೆ ಡೆಮೊ ತೋರಿಸಿ, ಅವರು ಪ್ರಶ್ನೆ ಕೇಳುವ ಮೊದಲೇ ಲ್ಯಾಪ್‌ಟಾಪ್ ಮುಚ್ಚಿದ ಹಾಗೆ. ಡೆಮೊ ಎಷ್ಟು ಚಂದ ಇದ್ದರೂ ತಂತ್ರಾಂಶ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯುವುದು ಮೊದಲ ಪ್ರಶ್ನೆ ಬಂದಾಗಲೇ.

ಉತ್ತರ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಮಾತು ಹೇಗೆ ಬದಲಾಗುತ್ತದೆ ಎಂಬುದನ್ನು ತೀರ್ಪುಗಾರನಾಗಿ ಕೂತಾಗ ಕಂಡೆ. ಕೈಗೆ ಕೊಟ್ಟ ಹಾಳೆಯಲ್ಲಿ ನೂರು ಅಂಕ ಹೀಗೆ ಹಂಚಿಹೋಗಿತ್ತು: ವಿಷಯಕ್ಕೆ 50, ಪ್ರಸ್ತುತಿಗೆ 30, ಭಾಷೆಗೆ 20. ವಿಷಯದ ಐವತ್ತರಲ್ಲಿ ಭಾಷಣದ ಬೆಳವಣಿಗೆ, ಪರಿಣಾಮ, ಮೌಲ್ಯ. ಪ್ರಸ್ತುತಿಯ ಮೂವತ್ತರಲ್ಲಿ ಮೈ, ದನಿ, ಹಾವಭಾವ. ಭಾಷೆಯ ಇಪ್ಪತ್ತರಲ್ಲಿ ಔಚಿತ್ಯ, ವ್ಯಾಕರಣ. ಹಂಚಿಕೆ ಅನ್ಯಾಯದ್ದಲ್ಲ. ಬರೆದವರು ಯೋಚಿಸಿಯೇ ಬರೆದಿದ್ದಾರೆ. ಆದರೆ ‘ಇದು ನಿಜವೇ?’, ‘ಇದಕ್ಕೆ ಆಕ್ಷೇಪ ಬಂದರೆ ನಿಲ್ಲುತ್ತದೆಯೇ?’ ಎಂಬ ಎರಡು ಪ್ರಶ್ನೆಗಳಿಗೆ ಅಲ್ಲಿ ಜಾಗವಿಲ್ಲ. ಭಾಷಣ ಸ್ವಂತದ್ದಾಗಿರಬೇಕು ಎಂಬ ನಿಯಮವಿದೆ, ನಿಜವಾಗಿರಬೇಕು ಎಂಬುದಿಲ್ಲ. ಐದರಿಂದ ಏಳು ನಿಮಿಷ, ಇತ್ತ ಅತ್ತ ಅರ್ಧ ನಿಮಿಷದ ಸಡಿಲ. ನಾಲ್ಕೂವರೆಗಿಂತ ಕಡಿಮೆಯಾದರೆ, ಏಳೂವರೆ ದಾಟಿದರೆ ಅನರ್ಹ. ಸಮಯ ತಪ್ಪಿದವರನ್ನು ಹಿಡಿಯಲು ಹಸಿರು, ಹಳದಿ, ಕೆಂಪು ದೀಪಗಳಿವೆ. ಮಾತು ತಪ್ಪಿದವರನ್ನು ಹಿಡಿಯಲು ಏನೂ ಇಲ್ಲ.

ಹೀಗಾಗಿ ಸ್ಪರ್ಧೆಯ ಭಾಷಣಕ್ಕೆ ಒಂದು ಅಚ್ಚು ತಯಾರಾಗಿದೆ. ಆರಂಭದಲ್ಲಿ ಮೂರು ಸೆಕೆಂಡು ಸುಮ್ಮನೆ ನಿಲ್ಲುವುದು. ಆಮೇಲೆ ಒಂದು ಪ್ರಶ್ನೆ ಅಥವಾ ಒಂದು ವಸ್ತು, ಮುರಿದ ಗಡಿಯಾರ, ಹಳೆಯ ಪತ್ರ, ಸುಕ್ಕಾದ ನೋಟು. ಮನೆಯವರೊಬ್ಬರ ಕಾಯಿಲೆ. ಮೂರು ಸಲ ಮರಳಿ ಬರುವ ಒಂದು ಸಾಲು. ಕೊನೆಗೆ ಆ ವಸ್ತುವನ್ನೇ ಎತ್ತಿ ಹಿಡಿದು ಅದೇ ಸಾಲನ್ನು ಮೆಲ್ಲಗೆ ಹೇಳುವುದು. ಒಂದು ಸಲ ನಾನು ಅಂಕ ಹಾಕಿದ ಆರು ಭಾಷಣಗಳಲ್ಲಿ ನಾಲ್ಕರಲ್ಲಿ ಆಸ್ಪತ್ರೆಯ ಹಾಸಿಗೆ ಇತ್ತು. ನಾಲ್ಕು ಮನೆಗಳ ನಾಲ್ಕು ಬೇರೆ ಬೇರೆ ದುಃಖಗಳು ಒಂದೇ ದರ್ಜಿ ಹೊಲಿದ ಅಂಗಿ ತೊಟ್ಟು ಬಂದಿದ್ದವು. ಐದನೆಯವನು, ತನ್ನ ಕಾಲೊನಿಯಲ್ಲಿ ಕಸದ ಗಾಡಿ ಬರುವ ಹೊತ್ತು ಬದಲಿಸಲು ಎರಡು ವರ್ಷ ಹೆಣಗಿದ ಕಥೆ ಹೇಳಿದ. ಅವನ ಕೈ ನಡುಗುತ್ತಿತ್ತು, ವ್ಯಾಕರಣ ಮುಗ್ಗರಿಸುತ್ತಿತ್ತು. ನಾನು ಹಾಳೆಯ ಪ್ರಕಾರವೇ ಅಂಕ ಕೊಟ್ಟೆ, ಅವನು ನನ್ನ ಲೆಕ್ಕದಲ್ಲಿ ಕೊನೆಯವನಾದ. ಆ ಆರರಲ್ಲಿ ಇವತ್ತಿಗೂ ನೆನಪಿರುವುದು ಅವನ ಮಾತು ಮಾತ್ರ. ನನ್ನ ಅಂಕಕ್ಕೂ ನನ್ನ ನೆನಪಿಗೂ ತಾಳೆಯಾಗಲಿಲ್ಲ. ಅವನಿಗೆ ಅದನ್ನು ಹೇಳುವ ದಾರಿಯೂ ಇರಲಿಲ್ಲ, ತೀರ್ಪುಗಾರ ಯಾರೆಂದು ಅವನಿಗೆ ತಿಳಿಯಬಾರದಲ್ಲ.

ಈ ಸ್ಪರ್ಧೆಗಳ ಮೇಲ್ತುದಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್ ಇದೆ. ಅಲ್ಲಿ ಗೆದ್ದ ಭಾಷಣಗಳ ವಿಡಿಯೊಗಳನ್ನು ನಮ್ಮ ಹುಡುಗರು ಕ್ರಿಕೆಟ್ಟಿನ ಹಳೆಯ ಇನಿಂಗ್ಸ್ ನೋಡುವ ಹಾಗೆ ನೋಡುತ್ತಾರೆ. 2014ರಲ್ಲಿ ಗೆದ್ದ ಶ್ರೀಲಂಕಾದ ಧನಂಜಯ ಹೆಟ್ಟಿಯಾರಚ್ಚಿ ಒಂದು ಹೂವನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದ್ದೇ ತಡ, ನಮ್ಮ ಕಡೆಯ ಸ್ಪರ್ಧೆಗಳಿಗೂ ಹೂವು, ಬುಟ್ಟಿ, ಬಲೂನುಗಳು ಬಂದವು. ಅದು ಅವನ ತಪ್ಪಲ್ಲ. ಆದರೆ ವಿಮರ್ಶೆಯ ಕಣ್ಣಿಗೆ ಇನ್ನೂ ಮುಖ್ಯವಾದದ್ದು 2015ರ ಭಾಷಣ, ಸೌದಿ ಅರೇಬಿಯಾದ ಮೊಹಮ್ಮದ್ ಖಹ್ತಾನಿ ಮಾಡಿದ್ದು. ಮಾತಿನ ಶಕ್ತಿ ಎಂಬುದೇ ಅದರ ವಿಷಯ. ಬಾಲ್ಯದಲ್ಲಿ ತೊದಲುತ್ತಿದ್ದವನು ಆತ. ವೇದಿಕೆಗೆ ಬಂದು ಸಿಗರೇಟು ಬಾಯಿಗಿಟ್ಟು ಹಚ್ಚಲು ಹೋಗುತ್ತಾನೆ. ಸಭೆ ಹೌಹಾರುತ್ತದೆ. ಸಿಗರೇಟು ಅಷ್ಟೇನೂ ಕೆಟ್ಟದ್ದಲ್ಲ ಎಂದು ಅಂಕಿಸಂಖ್ಯೆ ಸಮೇತ ವಾದಿಸುತ್ತಾನೆ. ಸಭೆ ಒಪ್ಪಿಬಿಡುವ ಹೊತ್ತಿಗೆ, ಈಗ ಹೇಳಿದ್ದೆಲ್ಲ ತಾನೇ ಕಟ್ಟಿದ್ದು ಎಂದುಬಿಡುತ್ತಾನೆ. ಎಲ್ಲರೂ ನಗುತ್ತಾರೆ.

ನಾನೂ ಮೊದಲ ಸಲ ನಕ್ಕಿದ್ದೆ. ಎಷ್ಟೋ ಸಲ ನೋಡಿದ ಮೇಲೆ, ಸ್ಪರ್ಧೆಯೊಂದು ತನ್ನ ಬಗ್ಗೆ ಹೇಳಿಕೊಂಡ ಅತ್ಯಂತ ಪ್ರಾಮಾಣಿಕ ಮಾತು ಇದು ಅನ್ನಿಸಿತು. ದೃಢವಾದ ದನಿ, ಸರಿಯಾದ ನಿಲುವು, ಒಂದೆರಡು ಅಂಕಿ, ಇಷ್ಟಿದ್ದರೆ ಕೇಳುವವರು ಏನನ್ನೂ ನಂಬುತ್ತಾರೆ ಎಂದು ಆತ ತೋರಿಸಿದ. ಹಾಗಾದರೆ ಆ ತಪ್ಪೊಪ್ಪಿಗೆಯ ನಂತರ ಅವನೇ ಹೇಳಿದ ಉಳಿದ ಕಥೆಗಳನ್ನು ನಾವು ಹೇಗೆ ಕೇಳಬೇಕು? ಅವನು ಸುಳ್ಳು ಹೇಳಿದ ಎನ್ನುತ್ತಿಲ್ಲ. ಆ ಸಭಾಂಗಣದಲ್ಲಿ ಯಾರಿಗೂ ಆ ಪ್ರಶ್ನೆ ಕೇಳುವ ಅವಕಾಶ ಇರಲಿಲ್ಲ ಎನ್ನುತ್ತಿದ್ದೇನೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಬೇರೆಯವರ ಭಾಷಣದ ಸತ್ಯಾಸತ್ಯ ತೂಗುವ ಅಧಿಕಾರ ನನಗೆ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಇದು.

ನಮ್ಮ ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದರು. ಅವರ ಜೀವ ಇದ್ದದ್ದು ತಾಳಮದ್ದಳೆಯಲ್ಲಿ. ದೊಡ್ಡ ಹೆಸರಿನವರಲ್ಲ. ಊರ ಸಂಘದ ಕೂಟಗಳಲ್ಲಿ ವಿದುರ, ಜಾಂಬವಂತ ಇಂಥ ಪಾತ್ರಗಳಿಗೆ ಕರೆಯುತ್ತಿದ್ದರು. 2016ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಹೋದದ್ದು ಮಾತು. ಹೇಳುವುದು ಅರ್ಥವಾಗುತ್ತಿತ್ತು, ಹೇಳಲು ಬರುತ್ತಿರಲಿಲ್ಲ. ಮರುವರ್ಷ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಕೊನೆಯ ಎರಡು ರಾತ್ರಿ ನಾನೂ ಅಮ್ಮನೂ ಜೊತೆಗಿದ್ದೆವು. ಅಪ್ಪ ಬಲಗೈ ಬೆರಳುಗಳಿಂದ ಮಂಚದ ಕಬ್ಬಿಣದ ಸರಳನ್ನು ಬಡಿಯುತ್ತಿದ್ದರು. ಅದು ತಾಳವೇ ಎಂದು ನನಗೆ ಅನ್ನಿಸಿತು.

2019ರಲ್ಲಿ ನಾನು ಅದನ್ನು ಸ್ಪರ್ಧೆಗೆ ತಂದೆ. ಮಾತೇ ಬದುಕಾಗಿದ್ದ ಮನುಷ್ಯ ಮಾತು ಕಳೆದುಕೊಂಡದ್ದು, ಮಾತಾಡಲು ಹೆದರುತ್ತಿದ್ದ ಮಗ ಮಾತು ಕಲಿತದ್ದು. ಅಚ್ಚಿಗೆ ಹೇಳಿ ಮಾಡಿಸಿದ ಹಾಗಿತ್ತು. ಕೊನೆ ಮಾತ್ರ ಕೂಡುತ್ತಿರಲಿಲ್ಲ. ಬೆರಳು ಬಡಿಯುತ್ತಾ ಬಡಿಯುತ್ತಾ ನಿಂತುಹೋಯಿತು ಎಂದರೆ ಭಾಷಣ ಅಲ್ಲಿಗೇ ಕುಸಿಯುತ್ತಿತ್ತು, ಎತ್ತಲು ಏನೂ ಇರಲಿಲ್ಲ. ಹತ್ತನೆಯದೋ ಹನ್ನೊಂದನೆಯದೋ ಕರಡಿನಲ್ಲಿ ಅಪ್ಪನ ಬಾಯಿಗೆ ಒಂದು ಮಾತು ಇಟ್ಟೆ. ‘ಸ್ಪೀಕ್.’ ಮಾತಾಡು. ಒಂದೇ ಶಬ್ದ. ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಇಟ್ಟದ್ದು. ಅಹಮದಾಬಾದಿನಲ್ಲಿ, ನಮ್ಮ ಕ್ಲಬ್ಬಿನ ಮಟ್ಟದಲ್ಲಿ, ಆ ಶಬ್ದ ಹೇಳಿ ನಾನು ನಿಂತಾಗ ಮುಂದಿನ ಸಾಲಿನ ಒಬ್ಬರು ಕಣ್ಣೊರೆಸಿಕೊಂಡರು. ಮೊದಲ ಸ್ಥಾನ. ವಡೋದರದಲ್ಲಿ ಮುಂದಿನ ಹಂತ. ಅಲ್ಲೂ ಮೊದಲ ಸ್ಥಾನ. ಎರಡೂ ಕಡೆ ಭಾಷಣದ ನಂತರ ಒಂದು ನಿಮಿಷ ಮೌನ. ಎರಡೂ ಕಡೆ ಆ ಮೌನದಲ್ಲಿ ನನಗೆ ಒಂದು ಬಗೆಯ ನೆಮ್ಮದಿ ಇತ್ತು, ಯಾರೂ ಏನೂ ಕೇಳುವುದಿಲ್ಲ ಎಂಬ ನೆಮ್ಮದಿ.

ವಡೋದರದ ವಿಡಿಯೊವನ್ನು ತಂಗಿ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಆ ರಾತ್ರಿ ಅಮ್ಮ ಫೋನ್ ಮಾಡಿದರು.

‘ಇಂಗ್ಲಿಷಿನದ್ದು ಪೂರಾ ಅರ್ಥ ಆಗಲಿಲ್ಲ ಮಗಾ. ತಂಗಿ ಹೇಳಿದಳು. ಕೊನೆಗೆ ಅಪ್ಪ ಮಾತಾಡಿದರು ಅಂತ ಹೇಳಿದ್ದೀಯಲ್ಲ, ಅದು ಯಾವಾಗ?’

ನಾನು ಸುಮ್ಮನಿದ್ದೆ.

‘ನಾನು ಅಲ್ಲೇ ಇದ್ದೆನಲ್ಲ. ನನಗೆ ಕೇಳಲೇ ಇಲ್ಲವಲ್ಲ. ಚಾ ತರಲಿಕ್ಕೆ ಕೆಳಗೆ ಹೋದಾಗಲಾ?’

ಅಮ್ಮ ನನ್ನನ್ನು ಹಿಡಿಯಲು ಕೇಳಿದ ಪ್ರಶ್ನೆ ಅಲ್ಲ ಅದು. ಎರಡು ವರ್ಷ ಕಳೆದ ಮೇಲೆ, ಗಂಡ ಆಡಿದ ಒಂದು ಮಾತು ತನಗೆ ತಪ್ಪಿಹೋಯಿತಲ್ಲ ಎಂಬ ಸಂಕಟದಲ್ಲಿ ಕೇಳಿದ್ದು. ನಾನು ನಿಜ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ‘ಹಾಗಾ’ ಎಂದರು. ಊಟ ಆಯಿತಾ ಎಂದು ಕೇಳಿ ಫೋನಿಟ್ಟರು.

ಆ ಭಾಷಣಕ್ಕೆ ಬಂದ ಮೊದಲ ಎದುರುಮಾತು ಅದು.

ಮೂರನೆಯ ಹಂತ ಸೂರತ್ತಿನಲ್ಲಿತ್ತು. ಬೆಳಗಿನ ರೈಲಿನಲ್ಲಿ ಹೋದೆ. ಆ ಶಬ್ದವನ್ನು ಕೈಬಿಟ್ಟು ಬೆರಳಿನ ತಾಳದಲ್ಲೇ ಮುಗಿಸಿದೆ. ಯಾವ ಸ್ಥಾನವೂ ಬರಲಿಲ್ಲ. ಸತ್ಯ ಹೇಳಿದ್ದಕ್ಕೆ ಸೋತೆ ಎಂದು ಹೇಳಿಕೊಳ್ಳುವ ಆಸೆ ಈಗಲೂ ಆಗುತ್ತದೆ, ಆದರೆ ಅದೂ ಇನ್ನೊಂದು ಕಟ್ಟುಕಥೆಯಾದೀತು. ಆ ದಿನ ಗೆದ್ದವರು ನನಗಿಂತ ಚೆನ್ನಾಗಿ ಮಾತಾಡಿದ್ದರು. ನನ್ನ ಅಂತ್ಯ ಕುಂಟಿತೋ, ನನ್ನ ದನಿ ಬಿದ್ದಿತೋ, ಯಾರಿಗಾದರೂ ಏನಾದರೂ ಅನ್ನಿಸಿತೋ ತಿಳಿಯಲಿಲ್ಲ. ಹಾಳೆಗಳು ನಾಶವಾದವು. ನಿಲ್ದಾಣದ ಹತ್ತಿರ ಒಂದು ಪ್ಲೇಟ್ ಲೋಚೋ ತಿಂದು ಅಹಮದಾಬಾದಿಗೆ ಮರಳಿದೆ.

ಆ ರೈಲಿನಲ್ಲಿ ಕೂತು ನಾನು ಯೋಚಿಸಿದ್ದು ಅಪ್ಪನ ತಾಳಮದ್ದಳೆಯ ಬಗ್ಗೆ. ಬಯಲುಸೀಮೆಯ ಓದುಗರಿಗಾಗಿ ಒಂದೆರಡು ಮಾತು: ತಾಳಮದ್ದಳೆ ಎಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ಆ ಪದ್ಯಕ್ಕೆ ಅಲ್ಲೇ ಆಶುವಾಗಿ ಮಾತು ಕಟ್ಟುತ್ತಾರೆ. ಬಾಯಿಪಾಠದ ಸಂಭಾಷಣೆ ಇಲ್ಲ. ಎದುರಿನವನು ಏನು ಹೇಳುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ. ಅವನು ಹೇಳಿದ್ದಕ್ಕೆ ಉತ್ತರ ಕೊಡಲೇಬೇಕು.

ಇದರಲ್ಲಿ ನಾನು ಚಿಕ್ಕಂದಿನಲ್ಲಿ ಗಮನಿಸದ ಒಂದು ಸಂಗತಿಯಿದೆ. ಯಾರು ಗೆಲ್ಲುತ್ತಾರೆ ಎಂಬುದು ತಾಳಮದ್ದಳೆಯಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ‘ವಾಲಿವಧೆ’ಯಲ್ಲಿ ವಾಲಿ ಸಾಯಲೇಬೇಕು. ‘ಕೃಷ್ಣಸಂಧಾನ’ದಲ್ಲಿ ಸಂಧಾನ ಮುರಿಯಲೇಬೇಕು. ಫಲಿತಾಂಶ ಪದ್ಯದಲ್ಲಿ ಬರೆದಿಟ್ಟಿರುವುದರಿಂದ ಮಾತಿಗೆ ಬಿಡುಗಡೆ ಸಿಗುತ್ತದೆ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳಲ್ಲಿ ವಾಲಿಯೇ ಮೇಲಾಗಬಹುದು. ಸಭೆ ಅವನ ಪಕ್ಷ ಹಿಡಿಯಬಹುದು. ಆದರೂ ಪದ್ಯ ಬಂದಾಗ ಅವನು ಸಾಯುತ್ತಾನೆ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರಂಥ ಸೋಲುವ ಪಾತ್ರಗಳ ಅರ್ಥ ಹೇಳಿಯೇ ಮನೆಮಾತಾದದ್ದು ಇದರಿಂದ ಸಾಧ್ಯವಾಯಿತು. ಅಪ್ಪ ಅವರ ಕೂಟ ಕೇಳಲು ಹತ್ತು ಮೈಲಿ ನಡೆದವರು. ನಮ್ಮ ಸ್ಪರ್ಧೆ ಇದರ ತಲೆಕೆಳಗು. ಅಲ್ಲಿ ಫಲಿತಾಂಶ ತೆರೆದಿರುತ್ತದೆ, ಮಾತು ಮುಚ್ಚಿಹೋಗುತ್ತದೆ. ಗೆಲ್ಲಬೇಕಾದವನು ಪ್ರತಿಯೊಂದು ವಾಕ್ಯವನ್ನೂ ಮೊದಲೇ ಬಿಗಿದುಕೊಂಡು ಬರುತ್ತಾನೆ.

ತಾಳಮದ್ದಳೆಯನ್ನು ಹೊಗಳಿ ಕ್ಲಬ್ಬನ್ನು ತೆಗಳುವ ಊರಾಭಿಮಾನ ಎಂದು ತಿಳಿಯಬೇಡಿ. ತಾಳಮದ್ದಳೆಯ ರೋಗಗಳೂ ನನಗೆ ಗೊತ್ತು. ಅಲ್ಲಿ ಕೆಂಪು ದೀಪ ಇಲ್ಲ. ಎದುರಿನವನಿಗೆ ಬಾಯಿ ತೆರೆಯಲು ಬಿಡದೆ ಗಂಟೆಗಟ್ಟಲೆ ಮಾತಾಡಿದವರನ್ನು, ಪ್ರಸಂಗವನ್ನು ಬಿಟ್ಟು ಪಾಂಡಿತ್ಯದ ಜಗಳಕ್ಕೆ ಇಳಿದವರನ್ನು ಕೇಳಿದ್ದೇನೆ. ಆ ಜಗಳವನ್ನೇ ಕೇಳಲು ಬರುವ ಸಭೆಯನ್ನೂ ಕಂಡಿದ್ದೇನೆ. ನನ್ನ ಮಾತು ಇಷ್ಟೇ: ಅಲ್ಲಿ ಯಾರಾದರೂ ಹುರುಳಿಲ್ಲದ ಮಾತಾಡಿದರೆ ಎದುರು ಕೂತವನು ಅಲ್ಲೇ ಹಿಡಿಯುತ್ತಾನೆ. ಅಪ್ಪನ ವಿದುರನ ಮಾತು ಒಂದು ಸಲ ಎಲ್ಲೋ ಜಾರಿದಾಗ ಎದುರಿನ ಕೌರವ ‘ಚಿಕ್ಕಪ್ಪ, ಇದು ನೀನು ಕಂಡದ್ದೋ, ಕೇಳಿದ್ದೋ?’ ಎಂದುಬಿಟ್ಟರು. ಸಭೆ ಗೊಳ್ಳೆಂದಿತು. ಮನೆಗೆ ಬರುವ ದಾರಿಯುದ್ದಕ್ಕೂ ಅಪ್ಪ ಅದನ್ನೇ ಹೇಳಿಕೊಂಡು ತಾವೂ ನಗುತ್ತಿದ್ದರು. ಸೋತ ಹಾಗೆ ಕಾಣುತ್ತಿರಲಿಲ್ಲ.

ಇದು ಕರಾವಳಿಯ ಗುತ್ತಿಗೆಯೇನೂ ಅಲ್ಲ. ನಾನೀಗ ಇರುವ ಊರಿನಲ್ಲೇ, ಶಾಹಿಬಾಗಿನ ಸರ್ಕೀಟ್ ಹೌಸಿನಲ್ಲಿ, 1922ರ ಮಾರ್ಚ್ 18ರಂದು ಗಾಂಧೀಜಿಯ ಮೇಲಿನ ರಾಜದ್ರೋಹದ ವಿಚಾರಣೆ ನಡೆಯಿತು. ಲಂಡನ್ನಿನಲ್ಲಿ ಓದುವಾಗ ಬರೆದುಕೊಂಡು ಹೋದ ಭಾಷಣವನ್ನೂ ಓದಲಾಗದೆ ಬೇರೆಯವರಿಂದ ಓದಿಸಿದ ಮನುಷ್ಯ ಅವರು. ಇಲ್ಲಿ ಅವರು ತಪ್ಪನ್ನು ಒಪ್ಪಿಕೊಂಡೇ ಮಾತು ಆರಂಭಿಸಿದರು. ಅಂದರೆ ಫಲಿತಾಂಶ ತೀರ್ಮಾನವಾಗಿತ್ತು, ಗೆಲ್ಲುವ ಪ್ರಶ್ನೆಯೇ ಇರಲಿಲ್ಲ. ಈ ಕಾನೂನು ಸರಿ ಎನ್ನಿಸಿದರೆ ಅತ್ಯಂತ ಕಠಿಣ ಶಿಕ್ಷೆ ಕೊಡಿ, ತಪ್ಪು ಎನ್ನಿಸಿದರೆ ರಾಜೀನಾಮೆ ಕೊಡಿ ಎಂದು ನ್ಯಾಯಾಧೀಶರಿಗೇ ಹೇಳಿದರು. ಆ ಹೇಳಿಕೆಯನ್ನು ಎಲ್ಲರೂ ಉದ್ಧರಿಸುತ್ತಾರೆ. ಅದಕ್ಕೆ ಬಂದ ಉತ್ತರವನ್ನು ನೆನೆಯುವವರು ಕಡಿಮೆ. ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಅಷ್ಟೇ ಗೌರವದಿಂದ ಮಾತಾಡಿ, ತಮ್ಮ ಕರ್ತವ್ಯ ಏನೆಂದು ಹೇಳಿ, ತಿಲಕರ ಪ್ರಕರಣವನ್ನು ಹೋಲಿಕೆಗೆ ತಂದು ಆರು ವರ್ಷದ ಸಜೆ ವಿಧಿಸಿದರು. ಮುಂದೆ ಸರ್ಕಾರ ಇದನ್ನು ಇಳಿಸುವಂತಾದರೆ ತಮಗಿಂತ ಹೆಚ್ಚು ಸಂತೋಷ ಪಡುವವರಿಲ್ಲ ಎಂದೂ ಸೇರಿಸಿದರು. ತಿಲಕರ ಹೆಸರಿನೊಡನೆ ತನ್ನ ಹೆಸರು ಸೇರಿಸಿದ್ದಕ್ಕೆ ಗಾಂಧೀಜಿ ಮರುನುಡಿ ಕೊಟ್ಟು ಕೃತಜ್ಞತೆ ಹೇಳಿದರು. ಆ ದಿನದ ಎತ್ತರ ಇರುವುದು ಒಬ್ಬರ ಭಾಷಣದಲ್ಲಿ ಅಲ್ಲ, ಇಬ್ಬರ ನಡುವಿನ ಮಾತಿನಲ್ಲಿ.

ಸೂರತ್ತಿನವರಿಗೆ ಅವರದೇ ಒಬ್ಬ ಸಾಕ್ಷಿ ಇದ್ದಾರೆ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿದೆಯೋ ಆ ಕವಿ ನರ್ಮದ್ (1833–1886). ಆತ ಹದಿಹರೆಯದಲ್ಲೇ ಗೆಳೆಯರ ಸಭೆಯಲ್ಲಿ ಮಾಡಿದ ಒಂದು ಉಪನ್ಯಾಸವನ್ನು ಗುಜರಾತಿಯ ಮೊದಲ ಪ್ರಬಂಧ ಎಂದು ಎಣಿಸುವ ರೂಢಿಯಿದೆ. ಅದರ ವಿಷಯ, ಮಂಡಳಿ ಸೇರುವುದರಿಂದ ಆಗುವ ಲಾಭಗಳು! ಅಂದರೆ ಆಧುನಿಕ ಗುಜರಾತಿ ಗದ್ಯ ಹುಟ್ಟಿದ್ದೇ ಇಂಥ ಒಂದು ಕ್ಲಬ್ಬಿನ ಭಾಷಣವಾಗಿ. ಆ ಮಂಡಳಿಯ ಹೆಸರಿನಲ್ಲೇ ‘ಅನ್ಯೋನ್ಯ ಬುದ್ಧಿವರ್ಧಕ’ ಎಂಬ ಮಾತಿತ್ತು. ‘ಅನ್ಯೋನ್ಯ’ ಎಂಬುದನ್ನು ಗಮನಿಸಿ. ಒಬ್ಬರಿಂದ ಒಬ್ಬರಿಗೆ ಬುದ್ಧಿ ಬೆಳೆಯಬೇಕು. ಅದೇ ನರ್ಮದ್ 1860ರಲ್ಲಿ ವಿಧವಾ ವಿವಾಹದ ಪ್ರಶ್ನೆಯ ಮೇಲೆ ಜದುನಾಥಜಿ ಮಹಾರಾಜರೊಡನೆ ಮುಂಬಯಿಯಲ್ಲಿ ಬಹಿರಂಗ ವಾದಕ್ಕೆ ಇಳಿದರು. ಕ್ಲಬ್ಬಿನಲ್ಲಿ ಕಲಿತದ್ದು ಕ್ಲಬ್ಬಿನ ಹೊರಗೆ ಬಂದು, ಎದುರಾಳಿಯ ಮುಂದೆ ನಿಂತದ್ದು ಹೀಗೆ.

ಇಷ್ಟಕ್ಕೂ ಸ್ಪರ್ಧೆ ಬೇಡವೇ ಎಂದರೆ ಹಾಗೆ ಹೇಳಲಾರೆ. ಸ್ಪರ್ಧೆ ಇಲ್ಲದಿದ್ದರೆ ನಾನು ಒಂದು ಭಾಷಣವನ್ನು ಹನ್ನೊಂದು ಸಲ ತಿದ್ದುತ್ತಿರಲಿಲ್ಲ. ಏಳು ನಿಮಿಷದ ಕಟ್ಟು ನಮ್ಮ ಕನ್ನಡ ಸಂಘಗಳ ರಾಜ್ಯೋತ್ಸವದ ಅಧ್ಯಕ್ಷರಿಗೆ ತುರ್ತಾಗಿ ಬೇಕಾಗಿದೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ‘ಭಾಷಣ ಒಂದು ಕಲೆ, ಪ್ರಮಾಣಪತ್ರವಲ್ಲ. ಕಥೆಗಾರ ಕಲ್ಪಿಸಬಹುದಾದರೆ ಭಾಷಣಕಾರ ಯಾಕೆ ಕಲ್ಪಿಸಬಾರದು?’ ಗೆಳೆಯನೊಬ್ಬ ನನ್ನನ್ನು ಸಮಾಧಾನ ಮಾಡಲು ಹೇಳಿದ್ದೂ ಇದೇ. ತಾಳಮದ್ದಳೆಯ ವಾಲಿ ಆಡುವ ಮಾತೂ ಕಲ್ಪನೆಯೇ ತಾನೇ ಎಂದ. ಹೌದು. ಆದರೆ ಅದು ಕಲ್ಪನೆ ಎಂದು ಇಡೀ ಸಭೆಗೆ ಗೊತ್ತು, ಮತ್ತು ಎದುರಿಗೆ ಅದನ್ನು ಒರೆಗೆ ಹಚ್ಚುವ ರಾಮ ಕೂತಿದ್ದಾನೆ. ನಾನು ‘ಇದು ನನ್ನ ಅಪ್ಪ’ ಎಂದು ಹೇಳಿ, ನಿಜದ ಲೆಕ್ಕದಲ್ಲಿ ಕಣ್ಣೀರು ಪಡೆದು, ಕಲ್ಪನೆಯ ನಾಣ್ಯ ಕೊಟ್ಟೆ. ಕಥೆಗಾರ ಮಾಡುವುದು ಅದಲ್ಲ.

ಆದ್ದರಿಂದ ನಾನು ಕೇಳುವುದು ಬಹಳ ಸಣ್ಣದು. ಸ್ಪರ್ಧೆ ಇರಲಿ, ಅದರ ನಂತರ ಮಾತು ಮುಂದುವರಿಯಲಿ. ನಮ್ಮ ಕ್ಲಬ್ಬಿನಲ್ಲಿ 2022ರಿಂದ ಒಂದು ರ‍ೂಢಿ ಮಾಡಿಕೊಂಡಿದ್ದೇವೆ. ಕ್ಲಬ್ಬಿನ ಸ್ಪರ್ಧೆ ಮುಗಿದ ಮರುವಾರದ ಸಾಮಾನ್ಯ ಸಭೆಯಲ್ಲಿ, ಒಪ್ಪಿದ ಸ್ಪರ್ಧಿಗಳು ಅದೇ ಭಾಷಣದ ಬಗ್ಗೆ ಐದು ನಿಮಿಷ ಪ್ರಶ್ನೆಗಳಿಗೆ ಕೂರುತ್ತಾರೆ. ಅಂಕ ಇಲ್ಲ. ಯಾವ ನಿಯಮವೂ ಇದಕ್ಕೆ ಅಡ್ಡ ಬರುವುದಿಲ್ಲ. ಮೊದಲ ವರ್ಷ ಯಾರೂ ಬಾಯಿ ಬಿಡಲಿಲ್ಲ, ‘ತುಂಬಾ ಚೆನ್ನಾಗಿತ್ತು’ ಎಂದು ಎದ್ದುಹೋದರು. ಎರಡನೆಯ ವರ್ಷ ಭಾವನಗರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಗೆದ್ದವನನ್ನು, ‘ನೀವು ನಿಮ್ಮ ಅಕ್ಕನ ಕಥೆ ಹೇಳಿದಿರಿ, ಅವರ ಹೆಸರನ್ನು ಯಾಕೆ ಒಂದು ಸಲವೂ ಹೇಳಲಿಲ್ಲ?’ ಎಂದು ಕೇಳಿದಳು. ಅವನು ತಬ್ಬಿಬ್ಬಾದ. ಆಮೇಲೆ ಹತ್ತು ನಿಮಿಷ, ಕೈಯಲ್ಲಿ ಕಾಗದವಿಲ್ಲದೆ, ನಡುನಡುವೆ ‘ಆ… ಅಂ…’ ಎನ್ನುತ್ತಾ ತನ್ನ ಅಕ್ಕನ ಬಗ್ಗೆ ಮಾತಾಡಿದ. ಗೆದ್ದ ಭಾಷಣಕ್ಕಿಂತ ಆ ಹತ್ತು ನಿಮಿಷ ಮೇಲಿತ್ತು. ಅವತ್ತು ಆ-ಕೌಂಟರ್ ಎಣಿಸುವುದನ್ನು ಮರೆತಿದ್ದ.

ಅಮ್ಮನ ಜೊತೆ ನನ್ನ ಮಾತೂ ಅಲ್ಲಿಗೇ ನಿಲ್ಲಲಿಲ್ಲ. ಆ ವರ್ಷ ರಜೆಗೆ ಊರಿಗೆ ಹೋದಾಗ, ಅಡಿಗೆಮನೆಯಲ್ಲಿ ಕೂತು ನಾನೇ ವಿಷಯ ತೆಗೆದೆ. ಮಾತು ಕಟ್ಟಿದ್ದು ನಿಜ, ಆದರೆ ಬೆರಳಿನಲ್ಲಿ ತಾಳ ಹಾಕಿದ್ದಂತೂ ಸುಳ್ಳಲ್ಲವಲ್ಲ ಎಂದೆ. ಸೂರತ್ತಿನಲ್ಲಿ ಪ್ರಾಮಾಣಿಕನೆಂಬ ಹೆಮ್ಮೆಯಿಂದ ಹೇಳಿದ್ದು ಅದನ್ನೇ ತಾನೇ.

ಅಮ್ಮ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿ, ‘ತಾಳವಾ? ಎಂಥ ತಾಳ? ನೀರು ಕೇಳಿದ್ದು ಮಾರಾಯ. ಕಾಯಿಲೆ ಬಿದ್ದಾಗಿಂದ ನೀರು ಬೇಕಾದರೆ ಹಾಗೆ ಬಡಿಯುತ್ತಿದ್ದರು. ನಿನಗೆ ಗೊತ್ತಿರಲಿಲ್ಲವಾ?’ ಎಂದರು.

ಗೊತ್ತಿರಲಿಲ್ಲ. ನಾನು ಅಹಮದಾಬಾದಿನಲ್ಲಿದ್ದೆ. ಆದರೂ ಬಡಿತದಲ್ಲಿ ಒಂದು ಲೆಕ್ಕ ಇತ್ತು, ಏಳು ಅಕ್ಷರದ ಲೆಕ್ಕ, ನಾನು ಎಣಿಸಿದ್ದೆ ಎಂದು ವಾದಿಸಿದೆ. ಬಾಯಾರಿದವರು ಲೆಕ್ಕ ಹಾಕಿ ಬಡಿಯುತ್ತಾರಾ ಎಂದು ಅಮ್ಮ ಕೇಳಿದರು. ಅಪ್ಪನಾದರೆ ಬಡಿದಾರು ಎಂದೆ. ಅಮ್ಮನಿಗೆ ನಗು ಬಂತು. ಪ್ರತಿ ರಜೆಯಲ್ಲೂ ಇದು ಒಂದು ಸಲ ಏಳುತ್ತದೆ, ಇಬ್ಬರೂ ಪಟ್ಟು ಬಿಟ್ಟಿಲ್ಲ. ಕಳೆದ ಸಲ ತಂಗಿಯೂ ಸೇರಿಕೊಂಡಳು. ಅವಳು ಅಮ್ಮನ ಪಕ್ಷ.